ಕೋಲಾರದ ವೈರಸ್ಸು ಲಸಿಕೆಯಾದ ಬಗೆ

ಜ್ವರ ಏರಿದ ಮಗುವಿಗೆ ಫಿಟ್ಸ್ ಬರುವುದು ನಮ್ಮ ಮನೆಗಳಿಗೆ ಹೊಸತಲ್ಲ. ಬಹುಪಾಲು ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಐದು ನಿಮಿಷ ದಾಟಿಯೂ ನಿಲ್ಲದಿದ್ದರೆ, ಬೀಗದ ಕೈ ಹಿಡಿಸುತ್ತ ಕೂರಬಾರದು. ಮಗುವನ್ನು ಮಗ್ಗುಲಿಗೆ ಹೊರಳಿಸಿಕೊಂಡು ಆಸ್ಪತ್ರೆಗೆ ಓಡಬೇಕು. ಹೀಗೆ ಬಿಡದೆ ಕಾಡುವ ಸೆಳವಿನ ಹಿಂದೆ ಅಪರೂಪಕ್ಕೊಮ್ಮೆ ಮೆದುಳಿಗೇ ಹೊಕ್ಕ ವೈರಸ್ಸು ಇರುತ್ತದೆ.

1970ರ ದಶಕದ ಕೊನೆಯಲ್ಲಿ ಕೋಲಾರದ ಹಳ್ಳಿಗಳು ಇದನ್ನು ಕಣ್ಣಾರೆ ಕಂಡವು. ಜನ ಮೆದುಳು ಜ್ವರ ಎಂದರು. ವೈದ್ಯರು ಜಪಾನೀಸ್ ಎನ್‌ಸೆಫಲೈಟಿಸ್ ಎಂದರು. ಬೆಳ್ಳಕ್ಕಿ, ಹಂದಿಗಳ ಮೈಯಲ್ಲಿ ಬೆಳೆಯುವ ಈ ವೈರಸ್ಸನ್ನು ಮನುಷ್ಯನಿಗೆ ತಲುಪಿಸುವುದು ಗದ್ದೆ ನೀರಿನ ಕ್ಯೂಲೆಕ್ಸ್ ಸೊಳ್ಳೆ. ಸೋಂಕು ತಗಲಿದ ನೂರರಲ್ಲಿ ಒಬ್ಬರಿಗೂ ಕಾಯಿಲೆ ಕಾಣಿಸದು. ಕಂಡವರ ಪಾಡು ಮಾತ್ರ ಘೋರ. ಕೆಲವು ಮಕ್ಕಳಲ್ಲಿ ಮೈ ಸೆಟೆಯುವುದೂ ಇಲ್ಲ. ಒಂದು ಬೆರಳೋ ಹುಬ್ಬೋ ಅದುರುತ್ತಿರುತ್ತದೆ, ಒಳಗೆ ಸೆಳವು ಮುಂದುವರಿದಿರುತ್ತದೆ. ಆ ಸಣ್ಣ ಅದುರನ್ನು ಗುರುತಿಸುವ ಕಣ್ಣು ಜೀವ ಉಳಿಸಬಲ್ಲದು.

ಜಪಾನಿನಲ್ಲಿ 1924ರ ಒಂದೇ ಪಿಡುಗು ಆರು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದಿತ್ತು. 1935ರಲ್ಲಿ ಅಲ್ಲಿನ ರೋಗಿಯ ಮೆದುಳಿನಿಂದ ಈ ವೈರಸ್ಸಿನ ನಾಕಾಯಾಮಾ ತಳಿ ಸಿಕ್ಕಿತು. ಅದನ್ನು ಇಲಿಗಳ ಮೆದುಳಿನಲ್ಲಿ ಬೆಳೆಸಿ ಲಸಿಕೆ ಮಾಡಿದರು. ನಮ್ಮ ಹಿಮಾಚಲದ ಕಸೌಲಿಯಲ್ಲೂ ಅದು ತಯಾರಾಗುತ್ತಿತ್ತು. ಆದರೆ ಇಲಿ ಮೆದುಳಿನಿಂದ ದೇಶದ ಮಕ್ಕಳಿಗೆಲ್ಲ ಸಾಲುವಷ್ಟು ತೆಗೆಯಲಾದೀತೇ? 2005ರಲ್ಲಿ ಉತ್ತರ ಪ್ರದೇಶದ ಗೋರಖ್‌ಪುರದ ಆಸ್ಪತ್ರೆಗಳು ಇದೇ ಜ್ವರಕ್ಕೆ ಬಲಿಯಾದ ಎಳೆಯರ ಹೆಣಗಳಿಂದ ತುಂಬಿದ ಮೇಲೆ, 2006ರಲ್ಲಿ ಚೀನಾದ ಲಸಿಕೆ ತರಿಸಬೇಕಾಯಿತು.

ಅಷ್ಟು ಹೊತ್ತಿಗಾಗಲೇ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಬಳಿ ಕೋಲಾರದ ತಳಿಯೊಂದಿತ್ತು. 1980ರ ದಶಕದ ಆರಂಭದಲ್ಲಿ ರೋಗಿಯೊಬ್ಬರಿಂದ ಬೇರ್ಪಡಿಸಿದ್ದು. ಹೆಸರು 821564 ಎಕ್ಸ್‌ವೈ. ಹೈದರಾಬಾದಿನ ಭಾರತ್ ಬಯೋಟೆಕ್ ಅದನ್ನು ಇಲಿಯ ಮೆದುಳಿನ ಬದಲು ವೇರೋ ಎಂಬ ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಿ, ಕೊಂದು, 2013ರಲ್ಲಿ ಜೆನ್‌ವ್ಯಾಕ್ ಲಸಿಕೆಯಾಗಿ ಹೊರತಂದಿತು. ಆ ರೋಗಿ ಯಾರೋ, ಯಾವ ಊರಿನವರೋ, ಸೀಸೆಯ ಮೇಲೆ ಬರೆದಿರುವುದಿಲ್ಲ. ಅವರನ್ನು ನೆನೆಯದೆ ಈ ಕತೆ ಹೇಳಲು ನನಗೆ ಮನಸ್ಸಾಗದು.

ಮೆದುಳಿಗೆ ಇಳಿದ ಈ ವೈರಸ್ಸನ್ನು ಕೊಲ್ಲುವ ಔಷಧ ಇಂದಿಗೂ ಇಲ್ಲ. ಸೆಳವು ನಿಲ್ಲಿಸಿ, ಮೆದುಳಿನ ಬಾವು ತಗ್ಗಿಸಿ ಕಾಯುವುದೊಂದೇ ದಾರಿ. ಅದಕ್ಕೇ ಕೋಲಾರವೂ ಸೇರಿದಂತೆ ಈ ಜ್ವರದ ಕಾಟವಿರುವ ಜಿಲ್ಲೆಗಳಲ್ಲಿ ಒಂಬತ್ತು ತಿಂಗಳ ಕೂಸಿಗೆ ದಡಾರದ ಚುಚ್ಚುಮದ್ದಿನ ಜೊತೆಗೇ ಮೆದುಳು ಜ್ವರದ ಲಸಿಕೆಯ ಮೊದಲ ಡೋಸು ಬೀಳುತ್ತದೆ.