ಕಾಣದ ಮುಖವನ್ನೂ ಎಣಿಸಿ

ಈಜಿಪ್ಟಿನ ಗೀಜಾದಲ್ಲಿರುವ ಖುಫುವಿನ ಮಹಾ ಪಿರಮಿಡ್ಡಿನಂಥ ಆಕೃತಿಗೆ ಮುಖಗಳೆಷ್ಟು? ಮಕ್ಕಳನ್ನು ಕೇಳಿ ನೋಡಿ. ಥಟ್ಟನೆ ‘ನಾಲ್ಕು’ ಎಂದಾರು. ಚಿತ್ರದಲ್ಲಿ ಕಾಣುವುದು ಓರೆಯಾಗಿ ಮೇಲೇರಿದ ತ್ರಿಭುಜಗಳಷ್ಟೇ. ಆದರೆ ನೆಲಕ್ಕೆ ಅಂಟಿದ ಚೌಕಾಕಾರದ ಪಾದವೂ ಒಂದು ಮುಖವೇ!

ಹಾಗಾಗಿ ಎಣಿಕೆಯನ್ನು ಪಾದದಿಂದಲೇ ಆರಂಭಿಸಬೇಕು. ಪಾದದ ನಾಲ್ಕು ಬಾಹುಗಳ ಮೇಲೆ ಒಂದೊಂದು ತ್ರಿಭುಜ. ಪಾದವೂ ಸೇರಿ 5 ಮುಖ. ಪಾದದ ಮೂಲೆಗಳು ನಾಲ್ಕು, ಮೇಲಿನ ತುದಿ ಒಂದು. ಒಟ್ಟು 5 ಶೃಂಗ. ಪಾದದ ಸುತ್ತ ನಾಲ್ಕು ಅಂಚು, ಮೂಲೆಗಳಿಂದ ತುದಿಗೆ ಏರುವವು ನಾಲ್ಕು, ಒಟ್ಟು 8.

ಪಾದ ತ್ರಿಭುಜವಾದರೆ 4 ಮುಖ, 4 ಶೃಂಗ, 6 ಅಂಚು. ಷಡ್ಭುಜವಾದರೆ 7, 7, 12. ಅಂದರೆ ಪಾದದ ಬಾಹುಗಳ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಮುಖಗಳು, ಶೃಂಗಗಳೂ ಅಷ್ಟೇ. ಎರಡರಿಂದ ಗುಣಿಸಿದರೆ ಅಂಚುಗಳು.

ಮುಖ, ಶೃಂಗಗಳನ್ನು ಕೂಡಿಸಿ ಅಂಚುಗಳನ್ನು ಕಳೆಯಿರಿ. ಉಳಿಯುವುದು ಪ್ರತಿಸಲವೂ 2. ಘನ, ಪಟ್ಟಕಗಳಿಗೂ ಸಲ್ಲುವ ಈ ಸಂಬಂಧವನ್ನು ಸ್ವಿಸ್ ಗಣಿತಜ್ಞ ಆಯ್ಲರ್ 1750ರಲ್ಲಿ ಗೆಳೆಯ ಗೋಲ್ಡ್‌ಬಾಕ್‌ಗೆ ಪತ್ರ ಬರೆದು ತಿಳಿಸಿದ.

ಪರೀಕ್ಷೆಗೆಂದು ಅಂಕಿಗಳನ್ನು ಬಾಯಿಪಾಠ ಮಾಡಿದ ಮಗು ಪಾದ ಬದಲಾದೊಡನೆ ತಬ್ಬಿಬ್ಬಾಗುತ್ತದೆ. ಕಾರಣ ಬಲ್ಲ ಮಗುವಿಗೆ 100 ಬಾಹುಗಳ ಪಾದವೂ ಸಲೀಸು: 101, 101, 200.

ಪಾಲಕರೇ, ಮಗುವಿನ ಕೈಗೆ ಒಂದಿಷ್ಟು ಪೊರಕೆಕಡ್ಡಿ, ಜೇಡಿಮಣ್ಣು ಕೊಡಿ. ಕಡ್ಡಿಗಳು ಅಂಚುಗಳಾಗಲಿ, ಮಣ್ಣಿನ ಉಂಡೆಗಳು ಶೃಂಗಗಳಾಗಲಿ. ಆಮೇಲೆ ಕೇಳಿ: ‘15 ಕಡ್ಡಿಗಳಲ್ಲಿ ಒಂದೂ ಉಳಿಯದಂತೆ ಪಿರಮಿಡ್ ಕಟ್ಟಬಲ್ಲೆಯಾ?’ ಆಗದು. ಏಕೆಂಬುದನ್ನು ಮಗುವೇ ಹೇಳಲಿ.