ಜಾಲಪುಟಗಳು ದತ್ತಾಂಶವನ್ನು ತರಿಸಿಕೊಳ್ಳುವ ಕ್ರಮ: ಅಂತರಘಟ್ಟೆಯ ಪಹಣಿಯ ನಿದರ್ಶನ

ಇತಿಹಾಸದ ಅಭ್ಯಾಸಿಗೆ ದಾಖಲೆಯು ಎಲ್ಲಿಯೋ ಇದ್ದರೆ ಸಾಲದು. ಅದು ಕೈಗೆ ಎಟುಕಬೇಕು. ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟವಾಗಿ ೧೯೦೧ರಲ್ಲಿ ಪ್ರಕಟಿಸಿದಾಗ, ಊರೂರು ಅಲೆಯದೆ ಶಾಸನಪಾಠವನ್ನು ಓದುವ ಅನುಕೂಲ ನಮಗೆ ದೊರೆಯಿತು. ನೂರು ವರ್ಷಗಳ ತರುವಾಯ ‘ಭೂಮಿ’ ಯೋಜನೆಯು ಪಹಣಿಗಳ ವಿಷಯದಲ್ಲಿ ಇಂಥದೇ ಉಪಕಾರವನ್ನು ಮಾಡಿತು. ೧೭೭ ತಾಲ್ಲೂಕುಗಳಲ್ಲಿ ಸುಮಾರು ೬೭ ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು ೨ ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಕೈಬರಹದ ಪಹಣಿಯ ಕಾಲ ಮುಗಿಯಿತು. ಇಂದು ಅವುಗಳನ್ನು ಜಾಲಪುಟದಲ್ಲಿಯೇ ನೋಡಬಹುದಾಗಿದೆ. ಆದರೆ ದಾಖಲೆಯಿರುವ ಸ್ಥಳ ಒಂದು, ಅದನ್ನು ಓದುವ ಸ್ಥಳ ಮತ್ತೊಂದು. ಇವೆರಡರ ನಡುವಣ ಸಾಗಾಟವನ್ನು ಹೇಗೆ ಉತ್ತಮಪಡಿಸಬಹುದೆಂಬುದನ್ನು ಈ ಲೇಖನದಲ್ಲಿ ವಿವೇಚಿಸುವೆವು.

೧. ತಡವಾಗುವುದಕ್ಕೆ ಕಾರಣ

ದಾಖಲೆಯನ್ನು ಕಾಪಿಡುವ ಯಂತ್ರ ಸರ್ವರ್. ಓದುಗನ ಫೋನಿನಲ್ಲಿ ಪುಟವನ್ನು ತೋರಿಸುವ ಸಾಧನ ಬ್ರೌಸರ್. ಟಿಮ್ ಬರ್ನರ್ಸ್-ಲೀ ಅವರು ೧೯೮೯ರಲ್ಲಿ ಸೂಚಿಸಿದ ಜಾಲವು ರೂಢಿಗೆ ಬಂದ ಮೊದಮೊದಲು, ಪ್ರತಿ ಕೋರಿಕೆಗೂ ಇಡೀ ಪುಟವೇ ಸರ್ವರಿನಿಂದ ಬರುತ್ತಿತ್ತು. ೨೦೦೫ರಲ್ಲಿ ‘ಏಜಾಕ್ಸ್’ ಎಂಬ ಹೆಸರು ಪಡೆದ ವಿಧಾನವು ಪ್ರಚಾರಕ್ಕೆ ಬಂದ ಮೇಲೆ, ಪುಟವು ನಿಂತಲ್ಲಿಯೇ ನಿಂತು ಬೇಕಾದ ದತ್ತಾಂಶವನ್ನು ಮಾತ್ರ ತರಿಸಿಕೊಳ್ಳುವ ಪದ್ಧತಿ ಬೆಳೆಯಿತು. ಏನನ್ನು, ಯಾವಾಗ, ಯಾವ ಕ್ರಮದಲ್ಲಿ ತರಿಸಬೇಕೆಂಬ ಹೊಣೆಯು ಹೀಗೆ ಪುಟದ ಪಾಲಿಗೆ, ಅಂದರೆ ‘ಫ್ರಂಟ್‌ಎಂಡ್’ ಭಾಗಕ್ಕೆ, ಬಂದಿತು.

ತಡಕ್ಕೆ ಕಾರಣಗಳು ಎರಡು. ದೇವಿಯ ಜಾತ್ರೆಗೆ ಹೆಸರಾದ ಅಂತರಘಟ್ಟೆಗೆ ಗಾಡಿ ಕಟ್ಟಿಕೊಂಡು ಹೊರಡುವವರನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ದಾರಿ ಅಗಲವಾದರೆ ಹಲವು ಗಾಡಿಗಳು ಒಟ್ಟಿಗೆ ಸಾಗಬಹುದು. ಆದರೆ ಹೋಗಿಬರುವ ದೂರ ಅದರಿಂದ ಕಿರಿದಾಗುವುದಿಲ್ಲ. ಜಾಲದಲ್ಲಿಯೂ ಅಗಲ ಬೇರೆ, ದೂರ ಬೇರೆ. ಚಿಕ್ಕ ಚಿಕ್ಕ ದತ್ತಾಂಶಗಳನ್ನು ಮತ್ತೆ ಮತ್ತೆ ತರಿಸುವಲ್ಲಿ ಹೊತ್ತು ಕಳೆಯುವುದು ಬಹುಮಟ್ಟಿಗೆ ದೂರದಿಂದಲೇ.

೨. ಒಂದರ ಹಿಂದೆ ಒಂದು

ಪಹಣಿಯನ್ನು ನೋಡಬಯಸುವವನು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಆರಿಸಿ, ಸರ್ವೆ ನಂಬರನ್ನು ಬರೆದು, ಅನಂತರ ಸರ್‌ನಾಕ್ ಮತ್ತು ಹಿಸ್ಸಾ ಸಂಖ್ಯೆಗಳನ್ನು ಸೂಚಿಸಬೇಕು. ಇಂಥ ಪುಟವೊಂದನ್ನು ನಾವೇ ರಚಿಸುವೆವೆಂದು ಭಾವಿಸೋಣ. ಜಿಲ್ಲೆಗಳ ಪಟ್ಟಿ, ತಾಲ್ಲೂಕುಗಳ ಪಟ್ಟಿ, ಹೋಬಳಿಗಳು, ಗ್ರಾಮಗಳು, ಸರ್‌ನಾಕ್, ಹಿಸ್ಸಾ, ಕೊನೆಗೆ ಪಹಣಿ ಎಂದು ಪ್ರತ್ಯೇಕವಾಗಿ ತರಿಸಿದರೆ ಏಳು ಪ್ರಯಾಣಗಳಾದವು. ಒಂದು ಪ್ರಯಾಣಕ್ಕೆ ೦.೪ ಸೆಕೆಂಡು ಹಿಡಿದರೆ ಒಟ್ಟು ೨.೮ ಸೆಕೆಂಡು, ದುರ್ಬಲ ಸಂಪರ್ಕದಲ್ಲಿ ೨ ಸೆಕೆಂಡು ಹಿಡಿದರೆ ೧೪ ಸೆಕೆಂಡು. ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ನೀರನ್ನು ಹೋಲುವುದರಿಂದ ಇದನ್ನು ತಜ್ಞರು ‘ಜಲಪಾತ’ವೆಂದು ಕರೆಯುತ್ತಾರೆ.

ಈ ಏಳೂ ಅನಿವಾರ್ಯವೇ? ಜಿಲ್ಲೆಗಳ ಪಟ್ಟಿಯ ತರುವಾಯ, ಆರಿಸಿದ ಜಿಲ್ಲೆಯ ತಾಲ್ಲೂಕು, ಹೋಬಳಿ, ಗ್ರಾಮಗಳ ಹೆಸರುಗಳನ್ನೆಲ್ಲ ಒಂದೇ ಕಟ್ಟಿನಲ್ಲಿ ತರಿಸಬಹುದು. ಹೆಸರುಗಳಷ್ಟೇ ಆದುದರಿಂದ ಹೊರೆ ದೊಡ್ಡದಲ್ಲ. ಸರ್‌ನಾಕ್ ಮತ್ತು ಹಿಸ್ಸಾಗಳನ್ನು ಕೂಡಿಸಿ ತರಿಸಿದರೆ ಇನ್ನೊಂದು ಪ್ರಯಾಣ ಉಳಿಯಿತು. ಏಳು ಪ್ರಯಾಣಗಳು ನಾಲ್ಕಾಗಿ, ೧೪ ಸೆಕೆಂಡು ೮ಕ್ಕೆ ಇಳಿಯುತ್ತದೆ. ಪಹಣಿಯನ್ನಾದರೋ ಹಿಸ್ಸಾ ತಿಳಿಯದೆ ತರಿಸಲಾಗದು. ನಿಜವಾದ ಅವಲಂಬನೆಯನ್ನೂ ಅಭ್ಯಾಸಬಲದ ಅವಲಂಬನೆಯನ್ನೂ ಬೇರ್ಪಡಿಸುವುದೇ ಸುಧಾರಣೆಯ ಮೊದಲ ಹೆಜ್ಜೆ.

ಒಂದನ್ನೊಂದು ಅವಲಂಬಿಸದ ಕೋರಿಕೆಗಳನ್ನು ಒಟ್ಟಿಗೆ ಕಳುಹಿಸಬೇಕು. ರೈಸ್ ಅವರ ಸಂಪುಟದಲ್ಲಿ ಶಾಸನದ ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದಗಳು ಬೇರೆ ಬೇರೆ ಭಾಗಗಳಲ್ಲಿವೆ. ಶಾಸನದ ಸಂಖ್ಯೆ ಗೊತ್ತಾದೊಡನೆ ಮೂರನ್ನೂ ಏಕಕಾಲದಲ್ಲಿ ತರಿಸಲು ಅಡ್ಡಿಯಿಲ್ಲ. ಎಚ್‌ಟಿಟಿಪಿಯ ೧.೧ನೆಯ ಆವೃತ್ತಿಯಲ್ಲಿ ಬ್ರೌಸರುಗಳು ಒಂದು ತಾಣಕ್ಕೆ ಸಾಮಾನ್ಯವಾಗಿ ಆರು ಸಂಪರ್ಕಗಳನ್ನಷ್ಟೇ ತೆರೆಯುತ್ತಿದ್ದವು. ೨೦೧೫ರಲ್ಲಿ ಪ್ರಕಟವಾದ ಎರಡನೆಯ ಆವೃತ್ತಿಯು ಒಂದೇ ಸಂಪರ್ಕದಲ್ಲಿ ಹಲವು ಕೋರಿಕೆಗಳನ್ನು ಸಾಗಿಸುತ್ತದೆ.

೩. ಕೂಡಿಡುವುದು

ಒಮ್ಮೆ ತಂದುದನ್ನು ಫೋನಿನಲ್ಲಿಯೇ ಕೂಡಿಟ್ಟುಕೊಂಡರೆ ಮರುಪ್ರಯಾಣವೇ ಬೇಡ. ಇದಕ್ಕೆ ‘ಕ್ಯಾಶ್’ ಎಂದು ಹೆಸರು. ಆದರೆ ದಾಖಲೆಗಳೆಲ್ಲ ಒಂದೇ ಬಗೆಯವಲ್ಲ. ೧೯೦೧ರಲ್ಲಿ ಅಚ್ಚಾದ ಪಾಠವು ಇನ್ನು ಬದಲಾಗದು. ಅದನ್ನು ಎಷ್ಟು ಕಾಲವಾದರೂ ಇರಿಸಿಕೊಳ್ಳಬಹುದು. ಗ್ರಾಮಗಳ ಪಟ್ಟಿ ಅಪರೂಪಕ್ಕೆ, ಹೊಸ ತಾಲ್ಲೂಕುಗಳು ರಚನೆಯಾದಾಗ, ಬದಲಾಗುತ್ತದೆ. ಪಹಣಿಯಾದರೋ ಮ್ಯುಟೇಶನ್ ಆದೊಡನೆ ಬದಲಾಗುತ್ತದೆ.

ಹಳೆಯ ಪ್ರತಿಯನ್ನು ಮೊದಲು ತೋರಿಸಿ, ಹಿನ್ನೆಲೆಯಲ್ಲಿ ಹೊಸದನ್ನು ತರಿಸಿ, ಬಂದ ಮೇಲೆ ಬದಲಿಸುವ ಒಂದು ವಿಧಾನವುಂಟು. ೨೦೧೦ರಲ್ಲಿಯೇ ಇದನ್ನು ವಿಧಿವತ್ತಾಗಿ ವಿವರಿಸಲಾಗಿದೆ. ಗ್ರಾಮಗಳ ಪಟ್ಟಿಗೆ ಇದು ತಕ್ಕುದು. ಪಹಣಿಗೆ ಇದನ್ನು ಅನ್ವಯಿಸುವಾಗ ಎಚ್ಚರಿಕೆ ಬೇಕು. ಜಮೀನು ಕೊಳ್ಳುವವನು ಕಳೆದ ತಿಂಗಳ ಪಹಣಿಯನ್ನು ಇಂದಿನದೆಂದು ನಂಬಿ ಮುಂಗಡ ಕೊಟ್ಟರೆ, ಉಳಿಸಿದ ಎರಡು ಸೆಕೆಂಡು ಅವನ ಕೈಹಿಡಿಯದು. ಕೂಡಿಟ್ಟ ಪ್ರತಿಯ ತಲೆಯ ಮೇಲೆ ಅದು ಬಂದ ದಿನ, ವೇಳೆಗಳನ್ನು ಬರೆಯಲೇಬೇಕು. ಕಾಲಸೂಚನೆಯಿಲ್ಲದ ದಾಖಲೆಯನ್ನು ನಾವು ಸಂಶೋಧನೆಯಲ್ಲಿ ಹೇಗೆ ಶಂಕಿಸುವೆವೋ ಇಲ್ಲಿಯೂ ಹಾಗೆಯೇ ಶಂಕಿಸತಕ್ಕದ್ದು.

೪. ತಡವಾಗಿ ಬಂದ ಉತ್ತರ, ಬಾರದ ಉತ್ತರ

ಓದುಗನು ಒಂದು ಗ್ರಾಮವನ್ನು ಆರಿಸಿ, ಒಡನೆಯೇ ಮನಸ್ಸು ಬದಲಿಸಿ ಇನ್ನೊಂದನ್ನು ಆರಿಸಿದನೆನ್ನೋಣ. ಎರಡನೆಯ ಉತ್ತರ ಮೊದಲೇ ಬಂದು, ಮೊದಲನೆಯದು ಅನಂತರ ಬಂದರೆ, ಒಂದು ಊರಿನ ಹೆಸರಿನ ಕೆಳಗೆ ಮತ್ತೊಂದು ಊರಿನ ಸಂಖ್ಯೆಗಳು ಕುಳಿತುಬಿಡುತ್ತವೆ. ಆದಕಾರಣ ಹೊಸ ಕೋರಿಕೆ ಹೊರಟೊಡನೆ ಹಳೆಯದನ್ನು ರದ್ದುಪಡಿಸಬೇಕು, ಅಥವಾ ಅದರ ಉತ್ತರವನ್ನು ಕಡೆಗಣಿಸಬೇಕು.

ಉತ್ತರ ಬಾರದಿದ್ದಾಗ, ಬಿಡುವನ್ನು ಹೆಚ್ಚಿಸುತ್ತ ಮತ್ತೆ ಕೇಳುವುದು ಸರಿಯಾದ ಕ್ರಮ. ಜಾತ್ರೆಯ ದಿನ ಸಾವಿರಾರು ಫೋನುಗಳು ಬಿಡುವಿಲ್ಲದೆ ಕೇಳತೊಡಗಿದರೆ ದಟ್ಟಣೆ ಇಮ್ಮಡಿಸುತ್ತದೆ. ಓದುವ ಕೋರಿಕೆಯನ್ನು ಪುನಃ ಕಳುಹಿಸುವುದರಿಂದ ಹಾನಿಯಿಲ್ಲ. ಅರ್ಜಿ ಅಥವಾ ಹಣದ ಕೋರಿಕೆಯನ್ನು ಹಾಗೆ ಕಳುಹಿಸಿದರೆ ಅದು ಎರಡು ಸಲ ದಾಖಲಾಗುವ ಅಪಾಯವುಂಟು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಸಂಪರ್ಕ ಕಡಿದುಹೋದಾಗ ಕೆಲವು ಪುಟಗಳು ಬರಿದಾದ ಕೋಷ್ಟಕವನ್ನು ತೋರಿಸಿ ಸುಮ್ಮನಾಗುತ್ತವೆ. ‘ದಾಖಲೆ ಇಲ್ಲ’ ಎಂಬುದಕ್ಕೂ ‘ದಾಖಲೆ ನಮಗೆ ತಲುಪಲಿಲ್ಲ’ ಎಂಬುದಕ್ಕೂ ಇರುವ ಅಂತರವನ್ನು ಇತಿಹಾಸದ ವಿದ್ಯಾರ್ಥಿಗೆ ಹೇಳಬೇಕಾಗಿಲ್ಲ. ಶಾಸನ ಸಿಕ್ಕಲಿಲ್ಲವೆಂಬ ಮಾತ್ರಕ್ಕೆ ದಾನವೇ ನಡೆಯಲಿಲ್ಲವೆಂದು ನಾವು ಬರೆಯುವುದಿಲ್ಲ. ಬರಿದಾದ ಪುಟವನ್ನು ಕಂಡ ರೈತನು ತನ್ನ ಹೆಸರೇ ದಾಖಲೆಯಿಂದ ಹೋಯಿತೆಂದು ಕಂಗೆಡಬಹುದು, ದಿನದ ಕೂಲಿಯನ್ನು ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯಬಹುದು. ಎರಡು ಸಂದರ್ಭಗಳಿಗೂ ಬೇರೆ ಬೇರೆ ವಾಕ್ಯಗಳನ್ನು, ತಿಳಿಗನ್ನಡದಲ್ಲಿ, ತೋರಿಸುವುದು ಪುಟ ರಚಿಸುವವರ ಕರ್ತವ್ಯ.

ಪ್ರಯಾಣಗಳನ್ನು ಕಡಮೆ ಮಾಡುವುದು, ಸ್ವತಂತ್ರವಾದವನ್ನು ಒಟ್ಟಿಗೆ ತರಿಸುವುದು, ದಾಖಲೆಯ ಸ್ವಭಾವವನ್ನರಿತು ಕೂಡಿಡುವುದು, ಬಾರದುದನ್ನು ಬಾರದೆಂದೇ ಹೇಳುವುದು: ಈ ನಾಲ್ಕು ನಿಯಮಗಳಲ್ಲಿ ಮೊದಲ ಮೂರು ವೇಗಕ್ಕೆ ಸಂಬಂಧಿಸಿದವು, ನಾಲ್ಕನೆಯದು ಸತ್ಯಕ್ಕೆ. ಶಾಸನಪಾಠಗಳನ್ನು ಜಾಲಕ್ಕೆ ಏರಿಸುವ ಕಾರ್ಯದಲ್ಲಿ ನಮ್ಮ ವಿಭಾಗಗಳೂ ವಿದ್ಯಾರ್ಥಿಗಳೂ ತೊಡಗುವಾಗ ಈ ನಾಲ್ಕನ್ನೂ ಗಮನದಲ್ಲಿರಿಸುವುದು ಒಳಿತು.