ನಿಮ್ಮ ಎಂಎನ್‌ಸಿ ಇಲ್ಲಿಗೆ ಬಂದಿದ್ದಾದರೂ ಯಾಕೆ?

ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ನಿಮ್ಮ ಕಂಪನಿ ಬೆಂಗಳೂರಿನಲ್ಲಿ ಯಾಕೆ ಆಫೀಸ್ ತೆರೆಯಿತು? 'ಇಲ್ಲಿ ಸಂಬಳ ಕಡಿಮೆ ಅಲ್ವಾ' ಅನ್ನೋದು ಎಲ್ಲರ ಬಾಯಲ್ಲೂ ಬರುವ ಉತ್ತರ. ಸುಳ್ಳೇನಲ್ಲ, ಆದರೆ ಅರ್ಧ ಉತ್ತರ ಅಷ್ಟೇ. ಸಂಬಳವೊಂದೇ ಕಾರಣವಾಗಿದ್ದರೆ, ಇನ್ನೂ ಕಡಿಮೆಗೆ ಜನ ಸಿಗುವ ಊರಿಗೆ ಆ ಕೆಲಸ ಯಾವತ್ತೋ ಹೋಗಿರಬೇಕಿತ್ತು.

ಉಳಿದರ್ಧ ಉತ್ತರ ಎಂಬಿಎ ವಿದ್ಯಾರ್ಥಿಗಳು ಪರೀಕ್ಷೆಗೆಂದು ಉರು ಹೊಡೆಯುವ 'ಇಂಟರ್‌ನ್ಯಾಷನಲ್ ಬಿಸಿನೆಸ್' ಥಿಯರಿಗಳಲ್ಲಿದೆ. ಎಂಎನ್‌ಸಿಯಲ್ಲಿ ದುಡಿಯುವವರಿಗೆ ಅವು ಮಾರ್ಕ್ಸ್‌ಗಿಂತ ಹೆಚ್ಚಿನ ಉಪಯೋಗಕ್ಕೆ ಬರುತ್ತವೆ.

ಮೂರು ಪ್ರಶ್ನೆ, ಒಂದು ಎಂಟಿಆರ್

ಕೆನಡಾದ ಅರ್ಥಶಾಸ್ತ್ರಜ್ಞ ಸ್ಟೀಫನ್ ಹೈಮರ್ 1960ರಲ್ಲಿ ಬರೆದ ಪಿಎಚ್‌ಡಿ ಪ್ರಬಂಧದಲ್ಲಿ ಒಂದು ಸರಳ ಮಾತಿದೆ. ಪರದೇಶಕ್ಕೆ ಹೋದ ಕಂಪನಿಗೆ ಅಲ್ಲಿನ ಭಾಷೆ, ಕಾನೂನು, ಗಿರಾಕಿ ಎಲ್ಲವೂ ಹೊಸದು. ಸ್ಥಳೀಯರ ಎದುರು ಗೆಲ್ಲಬೇಕಾದರೆ ಅವರಲ್ಲಿಲ್ಲದ ಏನೋ ಒಂದು ಬಲ ತನ್ನಲ್ಲಿರಬೇಕು. ಬ್ರಿಟನ್ನಿನ ಜಾನ್ ಡನ್ನಿಂಗ್ 1970ರ ದಶಕದಲ್ಲಿ ಇದನ್ನು ಮೂರು ಪ್ರಶ್ನೆಯಾಗಿ ಬೆಳೆಸಿದರು: ಕಂಪನಿಯ ಸ್ವಂತ ಬಲ ಏನು? ಇದೇ ಜಾಗ ಯಾಕೆ? ಕೆಲಸವನ್ನು ಬೇರೆಯವರಿಗೆ ಗುತ್ತಿಗೆ ಕೊಡದೆ ತಾನೇ ಮಾಡುವುದು ಯಾಕೆ?

ನಮ್ಮ ಅಡುಗೆಮನೆಯ ಉದಾಹರಣೆಯನ್ನೇ ನೋಡಿ. ನಾರ್ವೆಯ ಓರ್ಕ್ಲಾ ಕಂಪನಿ ತನ್ನ ದೇಶದಲ್ಲಿ ಫ್ರೋಜನ್ ಪಿಜ್ಜಾ ಮಾರುತ್ತದೆ. ಭಾರತಕ್ಕೆ ಬರುವಾಗ ಅದು ಪಿಜ್ಜಾ ಹಿಡಿದುಕೊಂಡು ಬರಲಿಲ್ಲ. 2007ರಲ್ಲಿ ಎಂಟಿಆರ್ ಫುಡ್ಸ್ ಅನ್ನೇ ಕೊಂಡಿತು. ಓರ್ಕ್ಲಾ ಬಳಿ ಬಂಡವಾಳ ಇತ್ತು, ಆಹಾರದ ಬ್ರ್ಯಾಂಡ್‌ಗಳನ್ನು ನಡೆಸಿದ ಅನುಭವ ಇತ್ತು. ಇಲ್ಲಿ ದೊಡ್ಡ ಮಾರುಕಟ್ಟೆ ಇತ್ತು. ಆದರೆ ಸಾಂಬಾರ್ ಪುಡಿಯ ಹದ, ಜನರ ನಂಬಿಕೆ? ಅದನ್ನು ಓಸ್ಲೋದಲ್ಲಿ ಕೂತು ತಯಾರಿಸೋಕೆ ಆಗಲ್ಲ. ಹಾಗಾಗಿ ಕೊಂಡುಕೊಂಡರು, ಹೆಸರನ್ನೂ ಹಾಗೇ ಉಳಿಸಿಕೊಂಡರು. ಲಾಲ್‌ಬಾಗ್ ಪಕ್ಕದ ಹೋಟೆಲ್ ಮಾತ್ರ ಈ ವ್ಯವಹಾರದಿಂದ ಹೊರಗಿದ್ದು, ಮಯ್ಯ ಕುಟುಂಬದಲ್ಲೇ ಉಳಿಯಿತು.

ಮೈಲಿಯಲ್ಲಿ ಅಳೆಯಲಾಗದ ದೂರ

ಇದಕ್ಕೆ ತದ್ವಿರುದ್ಧ ಕಥೆ ವಾಲ್‌ಮಾರ್ಟ್‌ನದು. 1997ರ ಕೊನೆಯಲ್ಲಿ ಅದು ಜರ್ಮನಿಗೆ ಹೋಯಿತು. ಅಮೆರಿಕದಲ್ಲಿ ಗೆದ್ದ ಪದ್ಧತಿಗಳನ್ನೇ ಅಲ್ಲೂ ತಂದಿತು: ಬಾಗಿಲಲ್ಲಿ ನಿಂತು ನಗುತ್ತಾ ಸ್ವಾಗತ, ಗಿರಾಕಿಯ ಸಾಮಾನನ್ನು ಸಿಬ್ಬಂದಿಯೇ ಚೀಲಕ್ಕೆ ತುಂಬಿಕೊಡುವುದು. ಜರ್ಮನ್ನರಿಗೆ ಇದು ಉಪಚಾರಕ್ಕಿಂತ ಮುಜುಗರ ಅನ್ನಿಸಿತು. ಸಿಬ್ಬಂದಿಯ ಪ್ರೇಮ ಸಂಬಂಧಗಳಿಗೂ ನಿಯಮ ಹಾಕಲು ಹೋಗಿ ಕೋರ್ಟಿನಲ್ಲಿ ಸೋತಿತು. ಎಲ್ಲಕ್ಕಿಂತ ಮುಖ್ಯವಾಗಿ, 'ನಮ್ಮಲ್ಲೇ ಅಗ್ಗ' ಅನ್ನೋ ಅದರ ಬಲ ಆಲ್ಡಿಯಂಥ ಸ್ಥಳೀಯ ಅಂಗಡಿಗಳ ಮುಂದೆ ನಡೆಯಲಿಲ್ಲ. 2006ರಲ್ಲಿ ತನ್ನ 85 ಮಳಿಗೆಗಳನ್ನು ಮೆಟ್ರೋ ಕಂಪನಿಗೆ ಮಾರಿ, ಸುಮಾರು 100 ಕೋಟಿ ಡಾಲರ್ ನಷ್ಟದೊಂದಿಗೆ ಹೊರಬಂತು.

ಇಂಥದ್ದನ್ನು ಅಳೆಯಲು ಪಂಕಜ್ ಘೇಮಾವತ್ 2001ರಲ್ಲಿ ನಾಲ್ಕು ಬಗೆಯ ದೂರಗಳನ್ನು ಪಟ್ಟಿ ಮಾಡಿದರು: ಸಂಸ್ಕೃತಿಯದು, ಆಡಳಿತದ್ದು, ಭೂಗೋಳದ್ದು, ಆರ್ಥಿಕ ಸ್ಥಿತಿಯದು. ಹೆಡ್ ಆಫೀಸಿನ ಮೇಲ್ ಓದಿ 'ಇವರಿಗೆ ಇಲ್ಲಿಯ ಪರಿಸ್ಥಿತಿ ಗೊತ್ತೇ ಇಲ್ಲ' ಅಂತ ಗೊಣಗುವಾಗ ನಾವು ಹೇಳುತ್ತಿರುವುದು ಈ ದೂರಗಳ ಬಗ್ಗೆಯೇ.

ನಿಮ್ಮ ಆಫೀಸಿನ ಪಾತ್ರ ಯಾವುದು?

ಇನ್ನು ನಿಮ್ಮ ಕೆಲಸಕ್ಕೆ ನೇರವಾಗಿ ತಾಗುವ ವಿಚಾರ. ಕ್ರಿಸ್ಟೋಫರ್ ಬಾರ್ಟ್ಲೆಟ್ ಮತ್ತು ಕೋಲ್ಕತ್ತಾ ಮೂಲದ ಸುಮಂತ್ರ ಘೋಷಾಲ್ 1986ರಲ್ಲಿ ವಿದೇಶಿ ಶಾಖೆಗಳನ್ನು ನಾಲ್ಕು ಗುಂಪು ಮಾಡಿದರು. ಮಾರುಕಟ್ಟೆಯೂ ಮುಖ್ಯ, ಕೌಶಲವೂ ಗಟ್ಟಿ ಇದ್ದರೆ ಆ ಶಾಖೆ ನಾಯಕ. ಮಾರುಕಟ್ಟೆ ಚಿಕ್ಕದಾದರೂ ಕೌಶಲ ದೊಡ್ಡದಿದ್ದರೆ ಕೊಡುಗೆದಾರ. ಎರಡೂ ಸಾಧಾರಣವಾಗಿದ್ದರೆ ಹೇಳಿದ್ದನ್ನು ಮಾಡುವ ಅನುಷ್ಠಾನಕಾರ. ಮಾರುಕಟ್ಟೆ ಮುಖ್ಯ, ಆದರೆ ಶಾಖೆಗೆ ಶಕ್ತಿ ಇಲ್ಲ ಅಂದರೆ ಅದು 'ಬ್ಲ್ಯಾಕ್ ಹೋಲ್'.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದಾಗ, ಚಿಪ್ ಮಾರಲು ಇಲ್ಲಿ ದೊಡ್ಡ ಮಾರುಕಟ್ಟೆ ಇರಲಿಲ್ಲ. ಇದ್ದವರು ಎಂಜಿನಿಯರ್‌ಗಳು. ಅವರು ಮಾಡಿದ ಕೆಲಸ ಉಪಗ್ರಹ ಸಂಪರ್ಕದ ಮೂಲಕ ಅಮೆರಿಕಕ್ಕೆ ಹೋಗುತ್ತಿತ್ತು. ಕೊಡುಗೆದಾರ ಶಾಖೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಹಾಗಾಗಿ ಮುಂದಿನ ಇಂಟರ್‌ವ್ಯೂನಲ್ಲಿ ಪ್ಯಾಕೇಜ್ ಜೊತೆಗೆ ಇವನ್ನೂ ಕೇಳಿ: ಯಾವ ಪ್ರಾಡಕ್ಟ್‌ನ ಪೂರ್ತಿ ಹೊಣೆ ಈ ಆಫೀಸಿನದು? ಯಾವ ನಿರ್ಧಾರಗಳನ್ನು ಇಲ್ಲೇ ತೆಗೆದುಕೊಳ್ಳುತ್ತೀರಿ? ಈ ಟೀಮಿನ ಕೆಲಸವನ್ನು ನಾಳೆ ಹೊರಗಿನ ವೆಂಡರ್‌ಗೆ ಕೊಡಬಹುದಾ? ಈಗಾಗಲೇ ಕೆಲಸದಲ್ಲಿದ್ದರೆ ಕಂಪನಿಯ ವಾರ್ಷಿಕ ವರದಿ ತೆರೆದು, ಭಾರತದ ಬಗ್ಗೆ ಏನು ಬರೆದಿದೆ ಅಂತ ಹುಡುಕಿ. ಅಲ್ಲಿ ಭಾರತ ಬರೀ ಖರ್ಚು ಉಳಿಸುವ ಜಾಗವಾಗಿದ್ದರೆ, ಬೇರೆಲ್ಲೂ ಸಿಗದ ಯಾವುದಾದರೂ ಒಂದು ಕೌಶಲವನ್ನು ನಿಮ್ಮ ಟೀಮ್ ಈಗಿನಿಂದಲೇ ಬೆಳೆಸಿಕೊಳ್ಳುವುದು ಒಳ್ಳೆಯದು. ಕೆಲಸ ಉಳಿದೇ ಉಳಿಯುತ್ತದೆ ಅನ್ನೋ ಗ್ಯಾರಂಟಿ ಅದರಿಂದ ಸಿಗಲ್ಲ. ಆದರೆ ಅಗ್ಗ ಅನ್ನೋ ಕಾರಣ ಒಂದನ್ನೇ ನಂಬಿ ಕೂತ ಟೀಮಿಗಿಂತ ನಿಮ್ಮ ಟೀಮನ್ನು ಎತ್ತಿ ಬೇರೆ ದೇಶಕ್ಕೆ ಹಾಕುವುದು ಕಷ್ಟವಾಗುತ್ತದೆ.